ಬಿದಿರಿನ ಹಲಗೆಯ ಮೇಲೆ ಮಹಡಿ ಕಟ್ಟಬಹುದೇ?

ಪ್ರಶ್ನೆ: ತೀರ್ಥಹಳ್ಳಿಯ ಸಮೀಪ ನಮ್ಮ ಹಳೆಯ ಮನೆಯಿದೆ. ಜಂಬಿಟ್ಟಿಗೆಯ ಗೋಡೆ, ಹೆಂಚಿನ ಮಾಡು. ಅದರ ಒಂದು ಪಕ್ಕಕ್ಕೆ ಎರಡಂತಸ್ತಿನ ಹೊಸ ಭಾಗವನ್ನು ಸೇರಿಸಬೇಕೆಂದಿದ್ದೇವೆ. ಸಾಗುವಾನಿಯ ಬೆಲೆ ಕೈಗೆಟುಕುವಂತಿಲ್ಲ, ಕಾಂಕ್ರೀಟು ಹಾಕಿಸಲು ಮನಸ್ಸಿಲ್ಲ. ಮಾರಾಟಗಾರರೊಬ್ಬರು ಬಿದಿರಿನ ಹಲಗೆಗಳನ್ನು ತೋರಿಸಿ, ‘ಇದು ಉಕ್ಕಿಗಿಂತ ಗಟ್ಟಿ; ತೊಲೆ, ಜಂತೆ, ಗೋಡೆ, ನೆಲ ಎಲ್ಲಕ್ಕೂ ಆಗುತ್ತದೆ; ಪರಿಸರಕ್ಕೂ ಒಳ್ಳೆಯದು’ ಎನ್ನುತ್ತಿದ್ದಾರೆ. ಇದನ್ನು ನಂಬಬಹುದೇ? ನಮ್ಮ ಜಮೀನಿನಲ್ಲೇ ಹೆಬ್ಬಿದಿರಿನ ಐದಾರು ಮೆಳೆಗಳಿವೆ. ಅವನ್ನು ಈ ಕೆಲಸಕ್ಕೆ ಬಳಸಿಕೊಳ್ಳಲು ಸಾಧ್ಯವೇ?

ಉತ್ತರ: ಗೋಡೆಯ ಹೊದಿಕೆಗೆ ಮತ್ತು ಮಹಡಿಯ ನೆಲಹಾಸಿಗೆ ಬಿದಿರಿನ ಹಲಗೆಯನ್ನು ನೀವು ಧೈರ್ಯವಾಗಿ ಬಳಸಬಹುದು. ತೊಲೆ ಮತ್ತು ಜಂತೆಗಳಿಗೂ ಬಳಸಬಹುದು. ಆದರೆ ಅದಕ್ಕೆ ತಯಾರಕರ ಪರೀಕ್ಷಾ ವರದಿ ಕೈಯಲ್ಲಿರಬೇಕು ಮತ್ತು ರಚನಾ ಎಂಜಿನಿಯರ್ ಒಬ್ಬರು ಲೆಕ್ಕ ಹಾಕಿ ಅಳತೆಯನ್ನು ನಿಗದಿ ಮಾಡಿರಬೇಕು. ಮಳೆ ನೇರವಾಗಿ ಹೊಡೆಯುವ ಜಾಗಕ್ಕೆ ಮಾತ್ರ, ಯಾರು ಏನೇ ಭರವಸೆ ಕೊಟ್ಟರೂ, ಮಲೆನಾಡಿನಲ್ಲಿ ಹಾಕಬೇಡಿ. ಬಿದಿರಿನ ಬಲದ ಬಗ್ಗೆ ಅನುಮಾನಪಡಲು ಕಾರಣವೇ ಇಲ್ಲ. ಆದರೆ ಕಟ್ಟಡವೊಂದು ಬಾಳುವುದು ಬಾಗದಿರುವ ಗುಣ, ಅಂಟು, ಜೋಡಣೆ ಮತ್ತು ತೇವ ಈ ನಾಲ್ಕರ ಮೇಲೆ, ಮತ್ತು ಮಾರಾಟದ ಮಾತಿನಲ್ಲಿ ಈ ನಾಲ್ಕೂ ಬರುವುದಿಲ್ಲವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲು ನಿಮಗೆ ತೋರಿಸಿದ ಹಲಗೆ ಯಾವ ಜಾತಿಯದೆಂದು ತಿಳಿದುಕೊಳ್ಳಬೇಕು, ಏಕೆಂದರೆ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆಯಾದ ವಸ್ತುಗಳು ಬಿದಿರಿನ ಹಲಗೆ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಬಿದಿರನ್ನು ದಬ್ಬೆಗಳಾಗಿ ಸೀಳಿ, ಹೊರಗಿನ ಮೇಣದಂಥ ಸಿಪ್ಪೆಯನ್ನೂ ಒಳಗಿನ ಮೆದು ಭಾಗವನ್ನೂ ಹೆರೆದು, ನಾಲ್ಕೂ ಮುಖ ಚೌಕವಾದ ಪಟ್ಟಿಗಳನ್ನು ಮಾಡಿ, ಒಣಗಿಸಿ, ಅಂಟು ಹಚ್ಚಿ ಒತ್ತಿದರೆ ಅದು ಲ್ಯಾಮಿನೇಟೆಡ್ ಬಿದಿರು. ಇದರ ಅಡ್ಡಕೊಯ್ತವನ್ನು ನೋಡಿದರೆ ಪಟ್ಟಿಗಳ ಚೌಕಗಳು ಸಾಲಾಗಿ ಕಾಣುತ್ತವೆ. ಬಿದಿರನ್ನು ಜಜ್ಜಿ, ನಾರಿನ ಎಳೆಗಳಾಗಿ ಬಿಡಿಸಿ, ಫೀನಾಲಿಕ್ ರಾಳದಲ್ಲಿ ಅದ್ದಿ, ಭಾರೀ ಒತ್ತಡದಲ್ಲಿ ಅಚ್ಚಿಗೆ ಹಾಕಿದರೆ ಅದು ಸ್ಕ್ರಿಂಬರ್. ಇದು ನೀರಿನಲ್ಲಿ ಮುಳುಗುವಷ್ಟು ಭಾರ, ಮೊಳೆ ಹೊಡೆಯಲು ಹೋದರೆ ಮೊಳೆಯೇ ಬಾಗುತ್ತದೆ. ಮೂರನೆಯದು ನಮ್ಮದೇ ನೆಲದ್ದು. ಬಿದಿರಿನ ತೆಳು ಸೀಳುಗಳಿಂದ ಹೆಣೆದ ತಟ್ಟಿಗಳನ್ನು ರಾಳದಲ್ಲಿ ಅದ್ದಿ, ಒಣಗಿಸಿ, ಒಂದರ ಮೇಲೊಂದಿಟ್ಟು ಬಿಸಿ ಪ್ರೆಸ್ಸಿನಲ್ಲಿ ಒತ್ತಿದ ಬಿದಿರು ತಟ್ಟಿ ಹಲಗೆ. ಇದರ ತಂತ್ರಜ್ಞಾನವನ್ನು 1980ರ ದಶಕದಲ್ಲಿ ಬೆಳೆಸಿದ್ದು ಬೆಂಗಳೂರಿನ ತುಮಕೂರು ರಸ್ತೆಯಲ್ಲಿದ್ದ ಭಾರತೀಯ ಪ್ಲೈವುಡ್ ಕೈಗಾರಿಕೆಗಳ ಸಂಶೋಧನಾ ಮತ್ತು ತರಬೇತಿ ಸಂಸ್ಥೆ. ಇದಕ್ಕೆ ಐಎಸ್ 13958 ಎಂಬ ಭಾರತೀಯ ಮಾನಕ 1994ರಲ್ಲೇ ಬಂದಿದೆ. ತಟ್ಟಿಯಿಂದಲೇ ಮಾಡಿದ ಸುಕ್ಕು ಶೀಟಿಗೆ 2004ರ ಐಎಸ್ 15476 ಇದೆ.

ಈ ತಟ್ಟಿ ಹಲಗೆಯ ಬಗ್ಗೆ ನನಗೆ ವಿಶೇಷ ಮಮತೆ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ತಟ್ಟಿ ಹೆಣೆಯುವುದು ಕೈಕೆಲಸ. ಮೇದಾರ ಕುಟುಂಬಗಳು ತಲೆಮಾರುಗಳಿಂದ ಬಲ್ಲ ವಿದ್ಯೆ ಅದು, ಮತ್ತು ಹಲಗೆಯ ಬೆಲೆಯಲ್ಲಿ ಗಣನೀಯ ಪಾಲು ಹೆಣೆಯುವವರ ಕೂಲಿಗೆ ಹೋಗುತ್ತದೆ. ಮಮತೆಯನ್ನು ಬದಿಗಿಟ್ಟರೂ ಇದಕ್ಕೊಂದು ನಿಜವಾದ ರಚನಾತ್ಮಕ ಗುಣವಿದೆ. ಹಲಗೆಯ ಸಮತಲದಲ್ಲಿ ಅದನ್ನು ಓರೆಯಾಗಿ ಎಳೆದು ಚೌಕವನ್ನು ವಜ್ರಾಕೃತಿಗೆ ತರಲು ಪ್ರಯತ್ನಿಸಿದರೆ ಅದು ಬಹಳ ಬಲವಾಗಿ ತಡೆಯುತ್ತದೆ. ಗಾಳಿಗೂ ಭೂಕಂಪಕ್ಕೂ ಗೋಡೆಯಿಂದ ನಾವು ಬಯಸುವುದು ಇದನ್ನೇ. ಮರದ ಅಥವಾ ಬಿದಿರಿನ ಚೌಕಟ್ಟಿನ ಎರಡೂ ಬದಿಗೆ ಇದನ್ನು ಸರಿಯಾದ ಅಂತರದಲ್ಲಿ ಸ್ಕ್ರೂ ಹಾಕಿ ಬಿಗಿದರೆ ಇಡೀ ಚೌಕಟ್ಟು ಓರೆಯಾಗದಂತೆ ನಿಲ್ಲುತ್ತದೆ. ಆದರೆ ತೆಳುವಾದ ತಟ್ಟಿ ಹಲಗೆಯನ್ನು ಮಲಗಿಸಿ ಮೇಲೆ ನಿಂತರೆ ಸುಲಭವಾಗಿ ಬಾಗುತ್ತದೆ. ಆದ್ದರಿಂದ ನೆಲಕ್ಕೆ, ತಟ್ಟಿಗಳ ನಡುವೆ ಮರದ ವೆನೀರ್, ಅಂದರೆ ತೆಳು ಹಾಳೆಯ ಪದರ ಸೇರಿಸಿದ ದಪ್ಪ ಹಲಗೆಯನ್ನೋ ಲ್ಯಾಮಿನೇಟೆಡ್ ಹಲಗೆಯನ್ನೋ ಆರಿಸಿಕೊಳ್ಳಬೇಕು.

ಈಗ ‘ಉಕ್ಕಿಗಿಂತ ಗಟ್ಟಿ’ ಎಂಬ ಮಾತಿಗೆ ಬರೋಣ. ಬಿದಿರಿನ ನಾರನ್ನು ಮಾತ್ರ ಬಿಡಿಸಿಕೊಂಡು, ತೂಕಕ್ಕೆ ತೂಕ ಹೋಲಿಸಿದರೆ, ಎಳೆತವನ್ನು ತಡೆಯುವ ಶಕ್ತಿಯಲ್ಲಿ ಅದು ಉಕ್ಕನ್ನು ಮೀರಿಸುವುದು ಸತ್ಯ. ನೀವು ಖರೀದಿಸುವುದು ನಾರನ್ನಲ್ಲ. ಗಳದ ಗೋಡೆಯಲ್ಲಿ ನಾರು ಸುಮಾರು 40 ಶೇಕಡಾ ಮಾತ್ರ, ಅದೂ ಹೊರಮೈಯ ಕಡೆಗೆ ದಟ್ಟ. ಉಳಿದದ್ದು ಬಹುಪಾಲು ಪಿಷ್ಟ ತುಂಬಿದ ಮೆದು ಕೋಶಗಳು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಲ್ಯಾಮಿನೇಟೆಡ್ ಬಿದಿರು ನಾರಿನ ಉದ್ದಕ್ಕೆ ಎಳೆದಾಗ ಚದರ ಮಿಲಿಮೀಟರಿಗೆ ಸುಮಾರು 90 ನ್ಯೂಟನ್, ಅಂದರೆ 9 ಕಿಲೋಗ್ರಾಮಿನಷ್ಟು ಭಾರವನ್ನು ತಡೆಯಿತು. ಸ್ಕ್ರಿಂಬರ್ ಸುಮಾರು 120 ನ್ಯೂಟನ್ ತಡೆಯಿತು. ಕಟ್ಟಡಕ್ಕೆ ಬಳಸುವ ಸಾಮಾನ್ಯ ಉಕ್ಕಿನ ಸರಳು 500 ನ್ಯೂಟನ್ ತಡೆಯುತ್ತದೆ. ಹೀಗಾಗಿ ಹೋಲಿಸಬೇಕಾದದ್ದು ಉಕ್ಕಿನೊಂದಿಗೆ ಅಲ್ಲ, ಮರದೊಂದಿಗೆ. ಆ ಹೋಲಿಕೆಯಲ್ಲಿ ಬಿದಿರು ಖಂಡಿತ ಗೆಲ್ಲುತ್ತದೆ: ಯೂರೋಪು, ಅಮೆರಿಕಗಳಲ್ಲಿ ಮನೆ ಕಟ್ಟಲು ಬಳಸುವ ಸ್ಪ್ರೂಸ್ ಮರಕ್ಕಿಂತ ಅದರ ಬಲ ಎಷ್ಟೋ ಹೆಚ್ಚು.

ಆದರೂ ಮಹಡಿಯ ಅಳತೆಯನ್ನು ನಿರ್ಧರಿಸುವುದು ಈ ಬಲವಲ್ಲ. ನಿಮ್ಮದೇ ಮನೆಯ ಲೆಕ್ಕ ಹಾಕಿ ತೋರಿಸುತ್ತೇನೆ. ಕೋಣೆಯ ಅಗಲ 3.6 ಮೀಟರ್, ಜಂತೆಗಳ ನಡುವಿನ ಅಂತರ 60 ಸೆಂಟಿಮೀಟರ್ ಎಂದುಕೊಳ್ಳಿ. ವಾಸದ ಮನೆಗೆ ನಮ್ಮ ಮಾನಕ ಹೇಳುವ ಚಲಭಾರ, ಅಂದರೆ ಜನ ಮತ್ತು ಸಾಮಾನುಗಳ ಭಾರ, ಚದರ ಮೀಟರಿಗೆ 200 ಕಿಲೋ. ಹಲಗೆ, ಜಂತೆ, ಮುಚ್ಚಿಗೆಗಳ ಸ್ವಂತ ಭಾರ 100 ಕಿಲೋ ಎಂದಿಟ್ಟರೆ ಒಂದೊಂದು ಜಂತೆಯೂ ಮೀಟರಿಗೆ 180 ಕಿಲೋ ಹೊರುತ್ತದೆ. 50 ಮಿಲಿಮೀಟರ್ ಅಗಲ, 200 ಮಿಲಿಮೀಟರ್ ಎತ್ತರದ ಲ್ಯಾಮಿನೇಟೆಡ್ ಬಿದಿರಿನ ಜಂತೆಯಲ್ಲಿ ಇದರಿಂದ ಉಂಟಾಗುವ ಬಾಗುವ ಒತ್ತಡ ಚದರ ಮಿಲಿಮೀಟರಿಗೆ 9 ನ್ಯೂಟನ್ನಿಗೂ ಕಡಿಮೆ. ಜಂತೆ ಮುರಿಯಬೇಕಾದರೆ ಇದರ ಎಂಟೊಂಬತ್ತು ಪಟ್ಟು ಒತ್ತಡ ಬೇಕು. ಹೀಗಿದ್ದೂ ಅದೇ ಜಂತೆ ನಡುವಿನಲ್ಲಿ ಸುಮಾರು 10.7 ಮಿಲಿಮೀಟರ್ ಜೋಲುತ್ತದೆ, ಇಂಥ ನೆಲಕ್ಕೆ ಸಾಮಾನ್ಯವಾಗಿ ಒಪ್ಪುವ ಮಿತಿಯೋ ಉದ್ದದ 360ನೇ ಒಂದು ಭಾಗ, ಅಂದರೆ 10 ಮಿಲಿಮೀಟರ್. ಮುರಿಯುವ ಭಯವೇ ಇಲ್ಲದ ಜಂತೆ ಜೋಲುವ ಕಾರಣಕ್ಕೆ ಅನುತ್ತೀರ್ಣವಾಗುತ್ತದೆ. ಉಕ್ಕಿನ ಬಿಗಿತನದ ಅಳತೆ 200 ಗಿಗಾಪ್ಯಾಸ್ಕಲ್ ಆದರೆ ಲ್ಯಾಮಿನೇಟೆಡ್ ಬಿದಿರಿನದು 11ರಿಂದ 13 ಮಾತ್ರ, ಕಾರಣ ಅಲ್ಲಿದೆ. ಪರಿಹಾರ ಸುಲಭ: ಎತ್ತರವನ್ನು 25 ಮಿಲಿಮೀಟರ್ ಹೆಚ್ಚಿಸಿ 225 ಮಾಡಿದರೆ ಜೋಲು ಸುಮಾರು 7.5 ಮಿಲಿಮೀಟರಿಗೆ ಇಳಿಯುತ್ತದೆ. ಅಗಲವನ್ನು ಹೆಚ್ಚಿಸಿ ಇಷ್ಟು ಪ್ರಯೋಜನ ಪಡೆಯಲು ಸುಮಾರು 70 ಮಿಲಿಮೀಟರ್ ಅಗಲದ ಜಂತೆ ಬೇಕಾಗುತ್ತಿತ್ತು. ವರ್ಷಗಟ್ಟಲೆ ನಿಂತ ಭಾರಕ್ಕೆ, ಅದರಲ್ಲೂ ತೇವದ ಹವೆಯಲ್ಲಿ, ಈ ಜೋಲು ನಿಧಾನವಾಗಿ ಇನ್ನಷ್ಟು ಬೆಳೆಯುತ್ತದೆ; ಆದ್ದರಿಂದ ಕಪಾಟು, ಧಾನ್ಯದ ಕಣಜದಂಥ ಶಾಶ್ವತ ಭಾರ ಬರುವ ಕಡೆ 75 ಮಿಲಿಮೀಟರ್ ಅಗಲ, 225 ಎತ್ತರದ ಜಂತೆಯನ್ನೇ ನಾನು ಸೂಚಿಸುತ್ತೇನೆ. ಈ ಲೆಕ್ಕ ನಿಮಗೆ ವಿಷಯ ಮನದಟ್ಟಾಗಲೆಂದು ಹಾಕಿದ್ದು. ನಿಮ್ಮ ಎಂಜಿನಿಯರ್ ಇದನ್ನು ನೀವು ಕೊಳ್ಳುವ ಹಲಗೆಯ ನಿಜವಾದ ಪರೀಕ್ಷಾ ಅಂಕಿಗಳನ್ನಿಟ್ಟುಕೊಂಡು ಮತ್ತೆ ಹಾಕಬೇಕು.

ಆ ಅಂಕಿಗಳು ಎಲ್ಲಿಂದ ಬರಬೇಕು ಎಂಬುದೂ ಮುಖ್ಯ. ಬಿದಿರಿನ ರಚನೆಗೆ ಸಂಬಂಧಿಸಿದ ಐಎಸ್ 15912 ಆಗಲಿ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಬಿದಿರಿನ ವಿಭಾಗವಾಗಲಿ ಮುಖ್ಯವಾಗಿ ದುಂಡು ಗಳಗಳನ್ನು ಗಮನದಲ್ಲಿಟ್ಟುಕೊಂಡು ಬರೆದಂಥವು. ಅಂಟಿಸಿ ಮಾಡಿದ ಬಿದಿರನ್ನು ಹೇಗೆ ಪರೀಕ್ಷಿಸಬೇಕೆಂದು ಹೇಳುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 23478 ಬಂದದ್ದು 2022ರಲ್ಲಿ. ನಿಮ್ಮ ಮಾರಾಟಗಾರರನ್ನು ಈ ಮಾನಕದಂತೆ ನಡೆಸಿದ ಪರೀಕ್ಷೆಯ ವರದಿ ಕೇಳಿ. ಪೀಠೋಪಕರಣಕ್ಕೆಂದು ತಯಾರಾದ ಹಲಗೆಯನ್ನು ತೊಲೆಗೆ ಕೊಡುವವರ ಬಳಿ ಅದು ಇರುವುದಿಲ್ಲ.

ಜೋಡಣೆಯ ವಿಚಾರಕ್ಕೆ ಬಂದರೆ, ಬಿದಿರಿನ ನಿಜವಾದ ದೌರ್ಬಲ್ಯ ಅಲ್ಲಿದೆ. ಉದ್ದಕ್ಕೆ 90 ನ್ಯೂಟನ್ ತಡೆದ ಅದೇ ಲ್ಯಾಮಿನೇಟೆಡ್ ಬಿದಿರು ನಾರಿಗೆ ಅಡ್ಡವಾಗಿ ಎಳೆದಾಗ ಸುಮಾರು 2 ನ್ಯೂಟನ್ನಿಗೇ ಸೀಳಿತು. ಕೊಡಲಿಯ ಒಂದೇ ಏಟಿಗೆ ಬಿದಿರಿನ ತುಂಡು ಬುಡದವರೆಗೆ ಸೀಳುವುದನ್ನು ನೋಡಿದವರಿಗೆ ಇದು ಆಶ್ಚರ್ಯವಲ್ಲ. ಅಂಟಿಸಿ ಒತ್ತಿದ ಮಾತ್ರಕ್ಕೆ ಆ ಸ್ವಭಾವ ಹೋಗುವುದಿಲ್ಲ. ಜಂತೆಯ ತುದಿಯಲ್ಲಿ ಒಂದು ದಪ್ಪ ಬೋಲ್ಟ್ ಹಾಕಿ ಇಡೀ ಭಾರವನ್ನು ಅದರ ಮೇಲೆ ಬಿಟ್ಟರೆ ಬೋಲ್ಟಿನ ಸಾಲಿನುದ್ದಕ್ಕೂ ಸೀಳು ಓಡುತ್ತದೆ. ಜಂತೆಯ ಕೆಳತುದಿಯಲ್ಲಿ ಕಚ್ಚು ಹಾಕಿ ಗೋಡೆಯ ಮೇಲೆ ಕೂರಿಸುವ ನಮ್ಮ ಬಡಗಿಗಳ ಅಭ್ಯಾಸವೂ ಇಲ್ಲಿ ಅಪಾಯಕಾರಿ, ಏಕೆಂದರೆ ಕಚ್ಚಿನ ಮೂಲೆಯಿಂದಲೇ ಸೀಳು ಆರಂಭವಾಗುತ್ತದೆ. ಜಂತೆಯ ಪೂರ್ತಿ ಎತ್ತರ ತೊಟ್ಟಿಲಿನಂಥ ಉಕ್ಕಿನ ಹಿಡಿಕೆಯಲ್ಲಿ ಕುಳಿತುಕೊಳ್ಳಲಿ. ಉಕ್ಕಿನ ಪಟ್ಟಿಯ ಮೂಲಕ, ಮೊದಲೇ ಕೊರೆದ ರಂಧ್ರಗಳಲ್ಲಿ, ಹಲವು ಸಣ್ಣ ಸ್ಕ್ರೂಗಳಿಗೆ ಭಾರ ಹಂಚಿಹೋಗಲಿ. ರಂಧ್ರ ಕೊರೆಯದೆ ಸ್ಕ್ರೂ ಹಾಕಲು ನಿಮ್ಮ ಬಡಗಿಗೆ ಬಿಡಬೇಡಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅಂಟಿನ ಬಗ್ಗೆ. ಕಾರ್ಖಾನೆಯಿಂದ ಹೊರಬರುವಾಗ ಹಲಗೆಯಲ್ಲಿ ಸುಮಾರು 8ರಿಂದ 12 ಶೇಕಡಾ ತೇವವಿರುತ್ತದೆ. ಆಗುಂಬೆಯ ಸೆರಗಿನ ಜೂನ್, ಜುಲೈ ತಿಂಗಳ ಹವೆಯಲ್ಲಿ ಅದು ನೀರು ಹೀರಿ ಉಬ್ಬುತ್ತದೆ, ಫೆಬ್ರವರಿ ಬಂದಾಗ ಮತ್ತೆ ಕುಗ್ಗುತ್ತದೆ. ಪ್ರತಿ ವರ್ಷದ ಈ ಉಬ್ಬು-ಕುಗ್ಗನ್ನೆಲ್ಲ ತಾಳಿಕೊಳ್ಳಬೇಕಾದದ್ದು ಪಟ್ಟಿಗಳ ನಡುವಿನ ಅಂಟಿನ ಗೆರೆ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಅಗ್ಗ, ಬಣ್ಣವಿಲ್ಲದ್ದು, ನೋಡಲು ಚೆಂದ. ಆದರೆ ನೀರಿಗೆ ತಾಳುವುದಿಲ್ಲ ಮತ್ತು ಕೋಣೆಯೊಳಗೆ ಫಾರ್ಮಾಲ್ಡಿಹೈಡ್ ಅನಿಲವನ್ನು ಹೆಚ್ಚು ಬಿಡುತ್ತದೆ. ಭಾರ ಹೊರುವ ಭಾಗಗಳಿಗೆ ಫೀನಾಲ್ ಅಥವಾ ರಿಸಾರ್ಸಿನಾಲ್ ಆಧಾರಿತ ಅಂಟು, ಇಲ್ಲವೇ ರಚನೆಗೆಂದೇ ಪ್ರಮಾಣೀಕರಿಸಿದ ಪಾಲಿಯುರೆಥೇನ್ ಅಂಟು ಬೇಕು. ಫೀನಾಲಿಕ್ ಅಂಟಿನ ಗೆರೆ ಕಡುಗೆಂಪು-ಕಂದಾಗಿ ಎದ್ದು ಕಾಣುತ್ತದೆ. ಒಳಾಂಗಣ ಅಲಂಕಾರದವರು ಆ ಬಣ್ಣವನ್ನು ಬೇಡವೆನ್ನುತ್ತಾರೆ; ಮಲೆನಾಡಿನ ಮನೆಗೆ ಆ ಬಣ್ಣ ನನಗೆ ಸಮಾಧಾನ ಕೊಡುವ ಗುರುತು.

ನೀವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಮಾರಾಟಗಾರರಿಂದ ಅಂಗೈಯಗಲದ ಎರಡು ಮೂರು ತುಂಡುಗಳನ್ನು ಕೇಳಿ ಪಡೆಯಿರಿ. ದೊಡ್ಡ ಪಾತ್ರೆಯಲ್ಲಿ ತುಂಡುಗಳು ಪೂರ್ತಿ ಮುಳುಗುವಂತೆ ಭಾರವಿಟ್ಟು ಏಳೆಂಟು ಗಂಟೆ ಕುದಿಸಿ, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಮತ್ತೊಮ್ಮೆ ಹಾಗೆಯೇ ಕುದಿಸಿ ಒಣಗಿಸಿ. ಆಮೇಲೆ ಅಂಚನ್ನು ಬೆಳಕಿಗೆ ಹಿಡಿದು ಗೆರೆ ಬಿಟ್ಟಿದೆಯೇ ನೋಡಿ. ಅಂಟಿನ ಗೆರೆಗೆ ಗಟ್ಟಿ ಚಾಕುವಿನ ಮೊನೆ ಚುಚ್ಚಿ ಪದರವನ್ನು ಮೇಲಕ್ಕೆತ್ತಿ. ಬಿಟ್ಟುಬಂದ ಮುಖದ ಮೇಲೆ ಹರಿದ ಬಿದಿರಿನ ನಾರು ದಟ್ಟವಾಗಿ ಅಂಟಿಕೊಂಡಿದ್ದರೆ ಅಂಟು ಬಿದಿರಿಗಿಂತ ಬಲವಾಗಿದೆ ಎಂದರ್ಥ. ಗಾಜಿನಂತೆ ನುಣುಪಾಗಿ, ನಾರೇ ಇಲ್ಲದೆ ಬಿಟ್ಟುಬಂದರೆ ಆ ಹಲಗೆಯನ್ನು ಗೋಡೆಯ ಹೊದಿಕೆಗೂ ಕೊಳ್ಳಬೇಡಿ. ಬಿದಿರಿನ ಹೊರಸಿಪ್ಪೆಯ ಮೇಣವನ್ನು ಪೂರ್ತಿ ಹೆರೆಯದೆ ಅಂಟಿಸಿದಾಗಲೂ ಹೀಗೆಯೇ ಆಗುತ್ತದೆ, ಆಗ ತಪ್ಪು ಅಂಟಿನದಲ್ಲ, ಕಾರ್ಖಾನೆಯದು. ಈ ಮನೆಯ ಪರೀಕ್ಷೆ ಪ್ರಯೋಗಾಲಯದ ಪರೀಕ್ಷೆಗೆ ಬದಲಿಯಾಗುವುದಿಲ್ಲ, ಆದರೆ ಕಳಪೆ ಮಾಲನ್ನು ಬಾಗಿಲಲ್ಲೇ ತಡೆಯುತ್ತದೆ.

ಹುಳುವಿನ ಕಾಟಕ್ಕೆ ಕಾರಣ ಬಿದಿರಿನಲ್ಲಿರುವ ಪಿಷ್ಟ. ಕುದಿಸುವ ಅಥವಾ ಹಬೆಯಲ್ಲಿ ಬೇಯಿಸುವ ಹಂತದಲ್ಲಿ ಅದು ಬಹಳಷ್ಟು ಕಡಿಮೆಯಾಗುತ್ತದೆ, ಬೋರಿಕ್ ಆಮ್ಲ-ಬೋರಾಕ್ಸ್ ದ್ರಾವಣ ಕುಟ್ಟೆ ಹುಳುವನ್ನು ದೂರವಿಡುತ್ತದೆ. ಆದರೆ ಬೋರಾನ್ ಲವಣಗಳು ನೀರಿನಲ್ಲಿ ತೊಳೆದುಹೋಗುತ್ತವೆ. ಮಳೆಗೆ ಒಡ್ಡಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ. ಸೂರನ್ನು ಸಾಕಷ್ಟು ಮುಂದಕ್ಕೆ ಚಾಚಿ, ಗೋಡೆಯ ಹಲಗೆ ನೆಲದಿಂದ ಕನಿಷ್ಠ ಒಂದೂವರೆ ಅಡಿ ಮೇಲೆ ಆರಂಭವಾಗುವಂತೆ ಕಲ್ಲಿನ ಪೀಠ ಕಟ್ಟಿ, ಕತ್ತರಿಸಿದ ಪ್ರತಿ ಅಂಚಿಗೂ ನೀರು ಒಳಗಿಳಿಯದಂಥ ಲೇಪ ಬಳಿಯಿರಿ. ಬೆಂಕಿಯ ವಿಷಯದಲ್ಲಿ ದಪ್ಪ ಜಂತೆ ದಪ್ಪ ಮರದಂತೆಯೇ ಹೊರಗಿನಿಂದ ಇದ್ದಿಲಾಗುತ್ತಾ ಒಳಗನ್ನು ಸ್ವಲ್ಪ ಹೊತ್ತು ಕಾಯುತ್ತದೆ. ತೆಳು ಹಲಗೆಗೆ ಆ ರಕ್ಷಣೆಯಿಲ್ಲವಾದ್ದರಿಂದ ಅಡುಗೆಮನೆಯ ಒಲೆಯ ಗೋಡೆಗೆ ಜಂಬಿಟ್ಟಿಗೆಯನ್ನೇ ಇಟ್ಟುಕೊಳ್ಳಿ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಅನ್ನು ಮಾರಾಟಗಾರರು ನಿಮಗೆ ಉದಾಹರಣೆಯಾಗಿ ಹೇಳಿರಬಹುದು. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಆ ಕಟ್ಟಡದಲ್ಲಿ ಕಾಣುವ ಬಿದಿರು ನಿಜಕ್ಕೂ ಎಂಜಿನಿಯರ್ಡ್ ಬಿದಿರು, ಅಂದರೆ ಅಂಟಿಸಿ ಒತ್ತಿ ಮಾಡಿದ್ದು, ಮತ್ತು ಅದು ಸುಂದರವಾಗಿದೆ. ಆದರೆ ಅಲ್ಲಿ ಭಾರ ಹೊರುವುದು ಉಕ್ಕು. ಬಿದಿರು ಕಂಬಗಳ ಹೊದಿಕೆಯಾಗಿ, ಮುಚ್ಚಿಗೆಯ ಜಾಲರಿಯಾಗಿ ಇದೆ. ನಿಮ್ಮ ಪ್ರಶ್ನೆಗೆ ಹತ್ತಿರವಾದ ನಿದರ್ಶನಗಳು ಬೇರೆ. ಚೀನಾದ ಹುನಾನ್ ಪ್ರಾಂತದ ಲೇಯಾಂಗ್‌ನಲ್ಲಿ ಎಂಜಿನಿಯರ್ ಯಾನ್ ಶಾವ್ ಅವರ ತಂಡ 2007ರಲ್ಲಿ ಅಂಟಿಸಿದ ಬಿದಿರಿನ ತೊಲೆಗಳ ಮೇಲೆ ಹತ್ತು ಮೀಟರ್ ಉದ್ದದ ಸೇತುವೆ ಕಟ್ಟಿ, 8 ಟನ್ನಿನ ಲಾರಿಗಳು ಓಡಾಡುವಂತೆ ಮಾಡಿತು. ನಮ್ಮಲ್ಲಿ, ಮೇಲೆ ಹೇಳಿದ ಪ್ಲೈವುಡ್ ಸಂಶೋಧನಾ ಸಂಸ್ಥೆ ಬ್ರಿಟನ್ನಿನ ಮರ ಸಂಶೋಧನಾ ಸಂಸ್ಥೆಯೊಂದರ ಜೊತೆ ಸೇರಿ ಬಿದಿರಿನ ಚೌಕಟ್ಟು, ತಂತಿಬಲೆಯ ಮೇಲೆ ಗಾರೆ ಹಾಕಿದ ತೆಳು ಗೋಡೆ ಮತ್ತು ತಟ್ಟಿ ಶೀಟಿನ ಮಾಡು ಇರುವ ಮನೆಯೊಂದನ್ನು ರೂಪಿಸಿತು. ಅದನ್ನು ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಕಂಪನ ವೇದಿಕೆಯ ಮೇಲಿಟ್ಟು ಅಲುಗಿಸಿದಾಗ ಅತಿ ತೀವ್ರ ಭೂಕಂಪ ವಲಯದ ಮಟ್ಟದ ಕಂಪನಕ್ಕೂ ಅದು ನಿಂತಿತು. ಹಗುರವಾದ ಕಟ್ಟಡದ ಮೇಲೆ ಭೂಕಂಪ ಹೇರುವ ಬಲವೂ ಕಡಿಮೆ.

ಪರಿಸರದ ಬಗ್ಗೆ ನೀವು ಕೇಳಿದ್ದಕ್ಕೆ ಒಂದೇ ಮಾತಿನ ಉತ್ತರ ಕೊಡಲಾಗದು. ಒಣ ಬಿದಿರಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಲೆಕ್ಕದಲ್ಲಿ ಬಂದ 50 ಮಿಲಿಮೀಟರ್ ಅಗಲ, 225 ಎತ್ತರದ ಒಂದು ಜಂತೆ ಸುಮಾರು 28 ಕಿಲೋ ತೂಗುತ್ತದೆ. ಅದರಲ್ಲಿ ಸುಮಾರು 45 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಇಂಗಾಲ ಬಂಧಿಯಾಗಿರುತ್ತದೆ. ಮೂರು ನಾಲ್ಕು ವರ್ಷದ ಗಳವನ್ನು ಕಡಿದರೂ ಮೆಳೆಯ ಬೇರು ಬದುಕಿದ್ದು ಮುಂದಿನ ಮಳೆಗೆ ಹೊಸ ಕಳಲೆ ಬರುತ್ತದೆ, ಇದು ಎಲ್ಲ ಮರಗಳಿಗೂ ಇಲ್ಲದ ಗುಣ. ಆದರೆ ಲ್ಯಾಮಿನೇಟೆಡ್ ಹಲಗೆ ಮಾಡುವಾಗ ಗಳದ ಅರ್ಧಕ್ಕಿಂತ ಹೆಚ್ಚು ಭಾಗ ಹೆರೆದ ಪುಡಿಯಾಗಿ ಹೋಗುತ್ತದೆ. ಸ್ಕ್ರಿಂಬರಿನಲ್ಲಿ ಪೋಲು ಕಡಿಮೆ, ಆದರೆ ರಾಳ ಬಹಳ ಹೆಚ್ಚು. ಒಣಗಿಸಲು ಉರಿಸಿದ ಇಂಧನ, ಒತ್ತಲು ಬೇಕಾದ ವಿದ್ಯುತ್ತು, ಚೀನಾದ ಚೆಚಿಯಾಂಗ್‌ನಿಂದ ಹಡಗಿನಲ್ಲಿ ಬಂದಿದ್ದರೆ ಆ ಪ್ರಯಾಣ ಇವೆಲ್ಲವನ್ನೂ ಕಳೆಯಬೇಕು. ಹತ್ತೇ ವರ್ಷಕ್ಕೆ ಕೊಳೆತು ಒಲೆಗೆ ಹೋದರೆ ಬಂಧಿಸಿದ ಇಂಗಾಲವೆಲ್ಲ ವಾಪಸ್ಸು ಗಾಳಿಗೆ. ಆದ್ದರಿಂದ ಪರಿಸರದ ದೃಷ್ಟಿಯಿಂದಲೂ ನಾನು ಹೇಳುವುದು ಒಳ್ಳೆಯ ಅಂಟು, ಅಗಲವಾದ ಸೂರು ಮತ್ತು ಹತ್ತಿರದ ಮಾಲು ಎಂದೇ. ನಿಮ್ಮ ಗೋಡೆಗೆ ತಟ್ಟಿ ಹಲಗೆಯನ್ನು ಸೂಚಿಸಲು ಇದೂ ಕಾರಣ.

ಕೊನೆಯದಾಗಿ ನಿಮ್ಮ ಮೆಳೆಗಳು. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನೂ ಮರವೆಂದೇ ಎಣಿಸುತ್ತಿತ್ತು. 2017ರ ತಿದ್ದುಪಡಿಯ ನಂತರ ಅರಣ್ಯೇತರ ಜಮೀನಿನ ಬಿದಿರಿಗೆ ಆ ವ್ಯಾಖ್ಯೆ ಅನ್ವಯಿಸುವುದಿಲ್ಲ. ಆದರೂ ಲಾರಿಗೆ ಹೇರುವ ಮುನ್ನ ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಸಾಗಣೆಯ ನಿಯಮವನ್ನು ಕೇಳಿ ತಿಳಿದುಕೊಳ್ಳಿ. ಐದಾರು ಮೆಳೆಯ ಗಳಗಳನ್ನು ಕಾರ್ಖಾನೆಗೆ ಕೊಟ್ಟು ಅವುಗಳದೇ ಹಲಗೆ ಮಾಡಿಸಿಕೊಳ್ಳುವುದು ಕಾರ್ಯಸಾಧ್ಯವಲ್ಲ, ಅಷ್ಟು ಚಿಕ್ಕ ಪ್ರಮಾಣಕ್ಕೆ ಪ್ರೆಸ್ಸು ಓಡುವುದಿಲ್ಲ. ಹೆಬ್ಬಿದಿರಿನ ಗಳ ಬುಡದಲ್ಲಿ ದಪ್ಪವಾಗಿದ್ದರೂ ಡೊಂಕು ಹೆಚ್ಚು, ನೇರ ಪಟ್ಟಿ ಹೆಚ್ಚು ಸಿಗುವುದೂ ಇಲ್ಲ. ಅವನ್ನು ದುಂಡಾಗಿಯೇ ಸಂಸ್ಕರಿಸಿ ಗೋಡೆಯ ಒಳಚೌಕಟ್ಟಿಗೆ, ಜಗಲಿಯ ಮಾಡಿನ ಪಕಾಸಿಗೆ ಬಳಸಿ. ಆ ಚೌಕಟ್ಟಿನ ಮೇಲೆ ಖರೀದಿಸಿದ ತಟ್ಟಿ ಹಲಗೆ ಕೂರಲಿ. ಮಳೆ ನಿಂತು ಪಿಷ್ಟ ಕಡಿಮೆಯಾಗುವ ಚಳಿಗಾಲದಲ್ಲಿ ಕಡಿಯಿರಿ, ಕಳಲೆ ಮೇಲೇಳುವ ಮಳೆಗಾಲದಲ್ಲಿ ಬೇಡ. ಕಡಿಯುವವರು ಅನುಕೂಲಕ್ಕೆಂದು ಬುಡದ ಮುಳ್ಳನ್ನೆಲ್ಲ ಸವರಿಹಾಕಲು ಬಿಡಬೇಡಿ. ಕಾಗದದ ಕಾರ್ಖಾನೆಗಾಗಿ ಉತ್ತರ ಕನ್ನಡದಲ್ಲಿ ಬಿದಿರು ಕಡಿಯುತ್ತಿದ್ದಾಗ, ಮುಳ್ಳು ಸವರಿದ ಮೆಳೆಗಳಲ್ಲಿ ಎಳೆ ಕಳಲೆಯನ್ನು ದನಗಳು ತಿಂದು ಮೆಳೆಯೇ ಕ್ಷೀಣಿಸಿದ್ದನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1970ರ ದಶಕದಲ್ಲೇ ಗುರುತಿಸಿದ್ದರು. ಅದನ್ನು ಅವರಿಗೆ ಮೊದಲು ಹೇಳಿದ್ದು ಅಲ್ಲಿನ ಹಳ್ಳಿಯವರು. ಈ ವರ್ಷ ಮೂಡುವ ಪ್ರತಿ ಕಳಲೆಗೂ ಅದು ಗಳವಾದ ಮೇಲೆ ಎದೆಯೆತ್ತರದಲ್ಲಿ ಇಸವಿಯನ್ನು ಬಣ್ಣದಿಂದ ಬರೆದಿಡಿ. ಯಾವುದು ಬಲಿತದ್ದು, ಯಾವುದು ಎಳೆಯದು ಎಂದು ಕಡಿಯುವ ದಿನ ಊಹಿಸಬೇಕಾಗುವುದಿಲ್ಲ.